ಕೊಟ್ಟಿದ್ದು, ನುಂಗಿದ್ದು

ಮುಂದೆ ಓದಲೆಂದು ಹಾಕುತ್ತಿರುವ ಅರ್ಜಿಯ ಕೊನೆಯಲ್ಲಿ ಒಂದು ಚೌಕ ಮೂರು ವಾರದಿಂದ ಖಾಲಿ ಇದೆ. ನೀವು ಕೆಲಸ ಮಾಡಿದ ಒಂದು ಆರೋಗ್ಯ ಕಾರ್ಯಕ್ರಮದ ಬಗ್ಗೆ ಬರೆಯಿರಿ, ಅದರಿಂದ ಏನು ಬದಲಾಯಿತು, ಬದಲಾಯಿತೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಾರೆ. ಐನೂರು ಪದದೊಳಗೆ ಬರೆಯಬೇಕು. ಮೊದಲನೆಯದಕ್ಕೆ ಎಷ್ಟು ಬೇಕಾದರೂ ಬರೆದೇನು, ಎರಡನೆಯದಕ್ಕೂ ಒಂದಿಷ್ಟು ಹೇಳಿಯೇನು. ಮೂರನೆಯದರ ಹತ್ತಿರ ಬಂದಾಗಲೆಲ್ಲ ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗುತ್ತೇನೆ. ಏನು ಮಾಡಿದೆ ಅಂತ ಕೇಳುವವರು ನಮ್ಮ ಇಲಾಖೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಷ್ಟು ಮಾಡಿದೆ ಅಂತ ಕೇಳುವವರು ಇನ್ನೂ ಹೆಚ್ಚು. ಅದರಿಂದ ಏನಾಯ್ತು, ನಿನಗೆ ಹೇಗೆ ಗೊತ್ತು ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ನಾನು ತುಂಗಭದ್ರೆಯ ದಂಡೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಊರವರ ಬಾಯಲ್ಲಿ ಸಿಎಚ್‌ಒ ಮೇಡಂ, ವಯಸ್ಸಾದವರ ಬಾಯಲ್ಲಿ ನರ್ಸವ್ವ. ಬಿಎಸ್ಸಿ ನರ್ಸಿಂಗ್ ಓದಿ, ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ದುಡಿದು, ಗುತ್ತಿಗೆ ಮೇಲೆ ಇಲ್ಲಿಗೆ ಬಂದವಳು. ಈಗ ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿದ್ದೇನೆ. ವಿಷಯ, ಆರೋಗ್ಯ ಕಾರ್ಯಕ್ರಮಗಳ ಮೌಲ್ಯಮಾಪನ. ಒಂದು ಯೋಜನೆ ನಿಜಕ್ಕೂ ಕೆಲಸ ಮಾಡಿತೋ ಇಲ್ಲವೋ, ಮಾಡಿದ್ದರೆ ಯಾರಿಗೆ, ಎಷ್ಟು ಖರ್ಚಿಗೆ ಎಂದು ತಿಳಿಯುವ ವಿದ್ಯೆ ಅದು. ವಿಷಯದ ಹೆಸರು ಕೇಳಿದ ಮನೆಯವರು, "ಅಂದ್ರ ಪೇಪರ್ ವ್ಯಾಲ್ಯುಯೇಷನ್ನೇನು?" ಅಂದರು. ಹೈಸ್ಕೂಲ್ ಮೇಷ್ಟ್ರು ಅವರು, ಮೌಲ್ಯಮಾಪನ ಅಂದರೆ ಅವರಿಗೆ ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆಯೇ.

ಡಬ್ಬಿ

ಇದೆಲ್ಲ ಶುರುವಾದದ್ದು ಒಂದು ಸ್ಟೀಲ್ ಡಬ್ಬಿಯಿಂದ. ಹೋದ ವರ್ಷ ಜೋಳದ ಸುಗ್ಗಿಯ ದಿನಗಳು. ಏಳು ತಿಂಗಳ ಬಸುರಿ ಒಬ್ಬಳ ಹಿಮೋಗ್ಲೋಬಿನ್ 8.9 ಇದ್ದದ್ದು ಎರಡು ತಿಂಗಳ ಮೇಲೆ 8.6ಕ್ಕೆ ಇಳಿದಿತ್ತು. ರಕ್ತ ಕಮ್ಮಿ ಇರುವ ಬಸುರಿಗೆ ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಕೊಡುತ್ತೇವೆ. ಎರಡು ತಿಂಗಳಿಗೆ 120 ಮಾತ್ರೆ. ತಾಯಿ ಕಾರ್ಡಿನಲ್ಲಿ ನನ್ನ ಕೈಯಲ್ಲೇ ಬರೆದಿದ್ದೆ, ಪೋರ್ಟಲ್‌ನಲ್ಲೂ ಏರಿಸಿದ್ದೆ. ಆ ತಿಂಗಳು ಮಾತ್ರೆ ವಿತರಣೆಯ ಕಾಲಂನಲ್ಲಿ ನನ್ನ ಕೇಂದ್ರದ ಸಾಧನೆ ನೂರಕ್ಕೆ ನೂರು. ಹಾಗಿದ್ದರೂ ರಕ್ತ ಏರುವ ಬದಲು ಇಳಿದಿದೆಯಲ್ಲ ಎಂದು ಊರಿನ ಆಶಾ ಕಾರ್ಯಕರ್ತೆ ಅಕ್ಕನನ್ನು ಕರೆದುಕೊಂಡು ಅವಳ ಮನೆಗೆ ಹೋದೆ.

ಅತ್ತೆ ಚಹಾಕ್ಕಿಟ್ಟರು. ಹುಡುಗಿ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು, ಹತ್ತೊಂಬತ್ತೋ ಇಪ್ಪತ್ತೋ. ಮಾತ್ರೆ ಎಲ್ಲಿಟ್ಟೀಯವ್ವಾ ಅಂದೆ. ಅತ್ತೆಯ ಕಡೆ ಒಂದು ಸಲ ನೋಡಿ ಒಳಗೆ ಹೋದಳು, ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟಳು. ಮುಚ್ಚಳ ತೆಗೆದರೆ ಕೆಂಪು ಮಾತ್ರೆಯ ಪಟ್ಟಿಗಳು ಒಂದರ ಮೇಲೊಂದು ನೀಟಾಗಿ ಜೋಡಿಸಿದ್ದವು. ಹನ್ನೊಂದು ಪಟ್ಟಿ ಪೂರ್ತಿ, ಇನ್ನೊಂದರಲ್ಲಿ ಮೂರು ಮಾತ್ರೆ. ಎರಡು ತಿಂಗಳಲ್ಲಿ ಅವಳು ನುಂಗಿದ್ದು ಏಳು. ಮೊದಲ ವಾರವೇ ಹೊಟ್ಟೆ ತೊಳಸಿತಂತೆ, ಮಲ ಕರ್ರಗಾಗಿ ಹೆದರಿದಳಂತೆ. ಮೇಲಾಗಿ ಅತ್ತೆ, "ಗುಳಿಗಿ ತಿಂದ್ರ ಕೂಸು ದೊಡ್ಡದಾಕ್ಕೈತಿ, ಹಡಿಯಾಕ ತ್ರಾಸ ಆಕ್ಕೈತಿ" ಅಂದಿದ್ದರಂತೆ. ಹಾಗಾದರೆ ಒಗೆಯಲಿಲ್ಲ ಯಾಕೆ ಅಂತ ಕೇಳಿದೆ. "ಸರ್ಕಾರದ್ದು ಅಲ್ರೀ ಅಕ್ಕಾರ, ಹೆಂಗ ಒಗೀಲಿ?" ಅಂದಳು.

ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿ ಕಬ್ಬಿಣದ ಡ್ರಿಪ್ ಹಾಕಿಸಿದೆವು, ಹೆರಿಗೆ ಸುಸೂತ್ರ ಆಯಿತು. ಆದರೆ ಆ ಡಬ್ಬಿ ನನ್ನ ತಲೆಯಿಂದ ಹೋಗಲಿಲ್ಲ. ನಾನು ಬರೆದದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಕೊಟ್ಟಿದ್ದೀರಾ ಅಂತ ಕೇಳಿದ್ದರು, ಕೊಟ್ಟಿದ್ದೆ. ನುಂಗಿದಳೇ ಎಂಬ ಕಾಲಂ ಇರಲಿಲ್ಲ. ನನ್ನ ವರದಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ, ಜಿಲ್ಲೆಗೆ, ಬೆಂಗಳೂರಿಗೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಮೇಲೆ ಹೋದಷ್ಟೂ ಅಂಕಿ ದೊಡ್ಡದಾಗುತ್ತದೆ, ಅದರೊಳಗಿನ ಡಬ್ಬಿ ಮಾತ್ರ ಯಾರಿಗೂ ಕಾಣುವುದಿಲ್ಲ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ 2018ರಲ್ಲಿ ಬಂತು. ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಹಂಚುವುದು ಅದಕ್ಕಿಂತ ಎಷ್ಟೋ ದಶಕ ಹಿಂದಿನದು. ಆದರೂ ದೇಶದ ಗರ್ಭಿಣಿಯರಲ್ಲಿ ರಕ್ತಹೀನತೆ ಇರುವವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 50.4 ಇದ್ದರೆ, 2019-21ರ ಸಮೀಕ್ಷೆಯಲ್ಲಿ ಶೇ 52.2. ಈ ಅಂಕಿಯನ್ನು ತರಬೇತಿಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಅವತ್ತು ಮೊದಲ ಸಲ ಅದು ನನಗೆ ಪಟ್ಟಿ ಪಟ್ಟಿಯಾಗಿ ಕಂಡಿತು.

ಹೊಳೆಯ ಆಚೆ, ಈಚೆ

ಮೌಲ್ಯಮಾಪನದ ಪುಸ್ತಕಗಳು ಮೊದಲ ಅಧ್ಯಾಯದಲ್ಲೇ ಒಂದು ಪ್ರಶ್ನೆ ಇಡುತ್ತವೆ. ಈ ಯೋಜನೆ ಇರದಿದ್ದರೆ ಏನಾಗುತ್ತಿತ್ತು? ಇಂಗ್ಲಿಷಿನಲ್ಲಿ ಅದಕ್ಕೆ ದೊಡ್ಡ ಹೆಸರಿದೆ. ನಮ್ಮವ್ವ ಅದನ್ನು ದಿನಕ್ಕೊಮ್ಮೆ ಹೇಳುತ್ತಾಳೆ: "ಆ ಕಾರ್ಡ್ ಇರ್ಲಿಲ್ಲಂದ್ರ ನಿಮ್ಮಪ್ಪ ಉಳೀತಿರ್ಲಿಲ್ಲ."

2011ರ ಕೊನೆಯಲ್ಲಿ ಅಪ್ಪನಿಗೆ ಎದೆನೋವು ಬಂದಾಗ ನಾನು ನರ್ಸಿಂಗ್ ಓದುತ್ತಿದ್ದೆ. ವಾಜಪೇಯಿ ಆರೋಗ್ಯಶ್ರೀ ಆಗಷ್ಟೇ ನಮ್ಮ ಕಡೆ ಬಂದಿತ್ತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ ಕುಟುಂಬಕ್ಕೆ ಒಂದೂವರೆ ಲಕ್ಷ, ಬೇಕಾದರೆ ಮೇಲೆ ಇನ್ನೂ ಐವತ್ತು ಸಾವಿರ ಸಿಗುತ್ತಿತ್ತು. ಊರಲ್ಲಿ ಆರೋಗ್ಯ ಶಿಬಿರ ಮಾಡಿ ಹೆಸರು ಬರೆದುಕೊಂಡರು. ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಬೈಪಾಸ್ ಆಯಿತು. ಬಸ್ಸಿನ ದುಡ್ಡು, ಊಟದ ದುಡ್ಡು ಬಿಟ್ಟರೆ ಮನೆಯಿಂದ ಏನೂ ಹೋಗಲಿಲ್ಲ.

ನಮ್ಮದು ಹಾವೇರಿ ಜಿಲ್ಲೆ, ಹರಿಹರದ ಸೇತುವೆ ದಾಟಿದರೆ ದಾವಣಗೆರೆ ಜಿಲ್ಲೆ. ಚಿಕ್ಕವ್ವನ ಮನೆ ಆ ದಂಡೆಯ ಹಳ್ಳಿಯಲ್ಲಿ. ಒಂದೇ ಹೊಳೆಯ ನೀರು ಕುಡಿಯುವವರು, ಒಂದೇ ಭತ್ತ ಬೆಳೆಯುವವರು, ಒಂದೇ ಬಣ್ಣದ ರೇಷನ್ ಕಾರ್ಡ್ ಇದ್ದವರು. ಆದರೆ ಹಾವೇರಿ ಬೆಳಗಾವಿ ವಿಭಾಗಕ್ಕೆ ಸೇರಿದ್ದು, ದಾವಣಗೆರೆ ಬೆಂಗಳೂರು ವಿಭಾಗಕ್ಕೆ. ಯೋಜನೆ 2010ರಲ್ಲಿ ಶುರುವಾದಾಗ ಮೊದಲು ಉತ್ತರದ ಜಿಲ್ಲೆಗಳಿಗಷ್ಟೇ ಇತ್ತು. 2012ರ ಯುಗಾದಿಗೆ ಮುಂಚೆ ಕಾಕಾನಿಗೂ ಅದೇ ಎದೆನೋವು ಬಂತು. ಖರ್ಚಿನ ಅಂದಾಜು ಕೇಳಿ, ಬೆಳೆ ಬಂದ ಮೇಲೆ ನೋಡೋಣ ಅಂತ ಮನೆಗೆ ಬಂದರು. ಬೆಳೆ ಬರುವ ತನಕ ಅವರು ಇರಲಿಲ್ಲ. ಆ ವರ್ಷವೇ ಯೋಜನೆ ಆ ದಂಡೆಗೂ ಬಂತು. ಮಣ್ಣು ಮಾಡಿದ ದಿನ ಚಿಕ್ಕವ್ವ ನಮ್ಮವ್ವನ ಕೈ ಹಿಡಿದು ಹೇಳಿದ ಮಾತು ನನಗೆ ಇವತ್ತಿಗೂ ಕೇಳಿಸುತ್ತದೆ: "ಯಕ್ಕಾ, ನಾವೇನ್ ಪಾಪ ಮಾಡಿದ್ವಿ, ಹೊಳಿ ಈಕಡಿ ಇದ್ದದ್ದ ತಪ್ಪಾತನು?"

ಎಷ್ಟೋ ವರ್ಷ ಇದನ್ನು ನಮ್ಮ ಮನೆಯ ಹಣೆಬರಹ ಅಂತಲೇ ತಿಳಿದಿದ್ದೆ. ಹೋದ ವರ್ಷ ಅರ್ಜಿಗೆಂದು ಓದಲು ಕೂತಾಗ 2014ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಒಂದು ಅಧ್ಯಯನ ಸಿಕ್ಕಿತು. ಯೋಜನೆ ಇದ್ದ ಉತ್ತರಕ್ಕೂ ಇನ್ನೂ ಬಂದಿರದ ದಕ್ಷಿಣಕ್ಕೂ ನಡುವಿನ ಆ ಗಡಿಯನ್ನೇ ಹಿಡಿದು, ಆಚೆ ಈಚೆ ಒಂದನ್ನೊಂದು ಹೋಲುವ ಹಳ್ಳಿಗಳಿಗೆ ಹೋಗಿದ್ದರು. ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿ. ಯೋಜನೆಯಡಿ ಚಿಕಿತ್ಸೆ ಸಿಗುವಂಥ ಕಾಯಿಲೆಗಳಿಂದ ಸತ್ತವರು, ಇಲ್ಲದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ 0.90, ಇದ್ದ ಹಳ್ಳಿಗಳಲ್ಲಿ ಶೇ 0.32. ಬಡತನ ರೇಖೆಗಿಂತ ಮೇಲಿದ್ದವರಿಗೆ ಎರಡೂ ಕಡೆ ಯೋಜನೆ ಇರಲಿಲ್ಲ, ಅವರ ಸಾವಿನಲ್ಲಿ ವ್ಯತ್ಯಾಸವೂ ಕಾಣಲಿಲ್ಲ. ಈ ಕೊನೆಯ ಮಾತು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗಡಿಯ ಈಚೆ ಗಾಳಿಯೇ ಒಳ್ಳೆಯದು, ರಸ್ತೆಯೇ ಒಳ್ಳೆಯದು ಅನ್ನುವವರಿಗೆ ಅಲ್ಲಿ ಉತ್ತರವಿತ್ತು. ಗಾಳಿ, ರಸ್ತೆ ಕಾರಣವಾಗಿದ್ದರೆ ಉಳ್ಳವರಲ್ಲೂ ವ್ಯತ್ಯಾಸ ಕಾಣಬೇಕಿತ್ತು.

ಅಪ್ಪ ಮತ್ತು ಕಾಕಾ, ಇಬ್ಬರೇ ಇಬ್ಬರಿಂದ ಏನನ್ನೂ ಸಾಧಿಸಲು ಬರುವುದಿಲ್ಲ. ಕಾಕಾನ ಹೃದಯ ಮೊದಲೇ ಹೆಚ್ಚು ಹಾಳಾಗಿತ್ತೋ ಏನೋ. ಅದಕ್ಕೇ 572 ಹಳ್ಳಿ ಬೇಕಾಯಿತು. ಆದರೆ ಅವ್ವನ ಬಾಯಿಂದ ನಾನು ಕೇಳುತ್ತಾ ಬಂದ "ಇರ್ಲಿಲ್ಲಂದ್ರ" ಎಂಬ ಮಾತನ್ನು ಯಾರೋ ಅಷ್ಟು ಶ್ರದ್ಧೆಯಿಂದ, ಮನೆಮನೆಗೆ ಹೋಗಿ ಕೇಳಿ, ಉತ್ತರ ತಂದಿದ್ದರು. ಈ ವಿದ್ಯೆ ನನಗೂ ಬೇಕು ಅಂತ ಗಟ್ಟಿಯಾಗಿ ಅನಿಸಿದ್ದು ಅವತ್ತೇ.

ಬೆಳಗಾವಿಯ ಪ್ಲಾಸ್ಟಿಕ್ ಹಾಳೆ

ಮಾಸ್ಟರ್ಸ್ ಮಾಡಿ ಏನು ಮಾಡುತ್ತೀ, ನೀನು ನರ್ಸು, ಸಂಶೋಧನೆ ಡಾಕ್ಟರುಗಳ ಕೆಲಸ ಅನ್ನುವವರಿಗೆ ನಾನು ಬೆಳಗಾವಿಯ ಕತೆ ಹೇಳುತ್ತೇನೆ. ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು ಅನ್ನುವುದನ್ನು ನಾವು ಕಣ್ಣಳತೆಯಲ್ಲೇ ಹೇಳುತ್ತಿದ್ದೆವು. ಕಣ್ಣು ಯಾವಾಗಲೂ ಕಡಿಮೆಯೇ ಹೇಳುತ್ತದೆ. ಬಟ್ಟೆಗೆ ಹೀರಿದ್ದು, ನೆಲಕ್ಕೆ ಹೋದದ್ದು ಲೆಕ್ಕಕ್ಕೆ ಬರುವುದಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ ಅಧ್ಯಯನದಲ್ಲಿ, ಬಾಣಂತಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಬಳಸಿದರು. ಅದರ ತುದಿಯಲ್ಲಿ ಅಳತೆಯ ಗೆರೆ ಹಾಕಿದ ಚೀಲ. ರಕ್ತ ಅದರೊಳಗೆ ಇಳಿಯುತ್ತದೆ, ಎಷ್ಟು ಮಿಲಿಲೀಟರ್ ಅಂತ ಯಾರು ಬೇಕಾದರೂ ಓದಬಹುದು. ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಹೆರಿಗೆಗಳಲ್ಲಿ ಅರ್ಧದಷ್ಟು ತಾಯಂದಿರಿಗೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಅದರ ಹಾಗೇ ಕಾಣುವ ಔಷಧವಿಲ್ಲದ ಮಾತ್ರೆ. ಅತಿಯಾದ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆ ಹೆರಿಗೆಗಳನ್ನು ಮಾಡಿಸಿದವರು, ಮಾತ್ರೆ ಕೊಟ್ಟವರು, ಚೀಲದ ಗೆರೆ ಓದಿ ಬರೆದವರು ಹಳ್ಳಿಯ ಎಎನ್‌ಎಂಗಳು, ಅಂದರೆ ಸಹಾಯಕ ದಾದಿಯರು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ, ನಮ್ಮ ಹಿರಿಯಕ್ಕಂದಿರಂಥವರು.

ಅದೇ ಬಗೆಯ ಗೆರೆ ಹಾಕಿದ ಹಾಳೆಯನ್ನು ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ಬಳಸಿದರು. ರಕ್ತಸ್ರಾವ ಬೇಗ ಗುರುತಿಸಿ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರು ಮಾಡಿದರೆ ತೀವ್ರ ರಕ್ತಸ್ರಾವ, ಅದರಿಂದಾಗುವ ಸಾವು, ಶಸ್ತ್ರಚಿಕಿತ್ಸೆ ಶೇ 60ರಷ್ಟು ಕಡಿಮೆಯಾಗುತ್ತದೆ ಎಂದು 2023ರಲ್ಲಿ ಪ್ರಕಟವಾಯಿತು. ನನಗೆ ಇದರಲ್ಲಿ ಹೆಮ್ಮೆ ಇದೆ. ಅಳೆಯುವುದು ಅಂದರೆ ಇದು. ಆ ಚೀಲದ ಗೆರೆ ನರ್ಸಿಗೆ ಅಂಕ ಕೊಡುವುದಿಲ್ಲ. ಮಂಚದ ಮೇಲೆ ಮಲಗಿದ ಹೆಂಗಸಿಗೆ ಏನಾಗುತ್ತಿದೆ ಅಂತ ಆ ಹೊತ್ತಿಗೇ ಹೇಳುತ್ತದೆ.

ಖಾಲಿಯಾದ ಡಬ್ಬಿಗಳು

ಡಬ್ಬಿ ನೋಡಿದ ಮೇಲೆ ನಾನು ಒಂದು ನೋಟ್‌ಬುಕ್ ಮಾಡಿದೆ. ಇಲಾಖೆಯದಲ್ಲ, ನನ್ನದು. ಮನೆಭೇಟಿಗೆ ಹೋದಾಗ ಉಳಿದ ಮಾತ್ರೆ ಎಣಿಸಿ ಬರೆದುಕೊಳ್ಳುವುದು. ಮೊದಲ ತಿಂಗಳು ಇಪ್ಪತ್ತಾರು ಮನೆಗೆ ಹೋದೆ, ಹನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಮಾತ್ರೆ ಹಾಗೇ ಇದ್ದವು. ಎರಡನೇ ತಿಂಗಳು ಡಬ್ಬಿಗಳು ಖಾಲಿಯಾಗತೊಡಗಿದವು. ನನಗೆ ಹಿಡಿಸಲಾರದ ಸಂತೋಷ. ಊಟ ಆದ ಮೇಲೆ ನುಂಗಿ, ಚಹಾದ ಜೊತೆ ಬೇಡ, ನಿಂಬೆ ಪಾನಕದ ಜೊತೆ ತಗೊಳ್ಳಿ, ಮಲ ಕಪ್ಪಾದರೆ ಹೆದರಬೇಡಿ ಅಂತ ಮನೆಮನೆಗೆ ಹೇಳಿದ್ದು ಸಾರ್ಥಕವಾಯಿತು ಅಂದುಕೊಂಡೆ. ಮೂರನೇ ತಿಂಗಳು ರಕ್ತಪರೀಕ್ಷೆ ಮಾಡಿದರೆ ಕೆಲವರದು ಏರಿತ್ತು. ಕೆಲವರದು ಇದ್ದಲ್ಲೇ ಇತ್ತು, ಡಬ್ಬಿ ಮಾತ್ರ ಖಾಲಿ.

ಒಂದು ಬೆಳಿಗ್ಗೆ ಆಶಾ ಅಕ್ಕ ಫೋನ್ ಮಾಡಿ, "ಮೇಡಂ, ಒಂದು ತೋರಿಸ್ತೀನಿ ಬರ್ರಿ" ಅಂದರು. ಒಂದು ಮನೆಯ ಹಿತ್ತಲಿಗೆ ಕರೆದೊಯ್ದರು. ನುಗ್ಗೆಗಿಡದ ಬುಡದಲ್ಲಿ, ಮುಸುರೆ ನೀರು ಹರಿಯುವ ಜಾಗದಲ್ಲಿ, ಕೆಸರೆಲ್ಲ ಕೆಂಪಾಗಿತ್ತು. ಮಾತ್ರೆಗಳ ಮೇಲಿನ ಬಣ್ಣ ಕರಗಿ ಒಳಗಿನ ಕಂದು ಪುಡಿ ಅರ್ಧ ಎದ್ದುಕೊಂಡಿತ್ತು. ಒಂದು ಕೋಳಿ ಕೆದರುತ್ತಿತ್ತು. ಮನೆಯ ಸೊಸೆ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಬೈಯಲಿಲ್ಲ, ಬೈಯುವ ಶಕ್ತಿಯೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಯಾಕವ್ವಾ ಅಂತ ಕೇಳಿದ್ದಕ್ಕೆ ಬಹಳ ಹೊತ್ತಿನ ಮೇಲೆ ಹೇಳಿದಳು: "ನೀವು ಅಷ್ಟ್ ದೂರದಿಂದ ಬಂದು ಎಣಿಸ್ತೀರಿ. ಉಳದಾವ ಅಂದ್ರ ನಿಮಗ ಬ್ಯಾಸರ ಆಕ್ಕೈತಲ್ರೀ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನನಗೆ ಬೇಸರವಾಗಬಾರದು ಅಂತ ಅವಳು ಡಬ್ಬಿ ಖಾಲಿ ಮಾಡಿದ್ದಳು. ಪ್ರತಿ ತಿಂಗಳ ಕೊನೆಯ ವಾರ ನಾನು ಮಾಡುವುದೂ ಅದೇ ಅಲ್ಲವೇ? ನಮ್ಮ ಪ್ರೋತ್ಸಾಹಧನ ಸೂಚಕಗಳ ಮೇಲೆ ನಿಂತಿದೆ. ಎಷ್ಟು ಜನರ ಬಿಪಿ ನೋಡಿದೆ, ಎಷ್ಟು ಜನರಿಗೆ ಸಕ್ಕರೆ ಪರೀಕ್ಷೆ ಮಾಡಿದೆ, ಎಷ್ಟು ಸಭೆ ನಡೆಸಿದೆ. ಕಾಲಂ ಖಾಲಿ ಬಿಟ್ಟರೆ ಮೇಲಿನವರಿಗೆ ಬೇಸರ, ಅವರ ಮೇಲಿನವರಿಗೆ ಇನ್ನೂ ಬೇಸರ. ಹಾಗಂತ ಎಣಿಸುವುದೇ ತಪ್ಪು ಅಂತ ನಾನು ಹೇಳಲಾರೆ. ಎಣಿಸದೇ ಇದ್ದಿದ್ದರೆ ಚಿಕ್ಕವ್ವನ ದಂಡೆಯ ಸಾವುಗಳು ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಎಣಿಸುವವರ ಕಣ್ಣಿಗೆ ಅಂಜಿ ಜನ ಉತ್ತರ ಬದಲಿಸಿದರೆ ಆ ಎಣಿಕೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅಂಜಿಕೆ ಹುಟ್ಟಿಸದೇ ಕೇಳುವುದು ಹೇಗೆ, ಒಂದು ಉತ್ತರವನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸುವುದು ಹೇಗೆ, ನನ್ನ ಮಾತಿನಿಂದ ಏರಿದ ರಕ್ತ ಯಾವುದು, ಹೇಗಿದ್ದರೂ ಏರುತ್ತಿದ್ದದ್ದು ಯಾವುದು, ಇದನ್ನೆಲ್ಲ ಬಿಡಿಸುವುದು ನನ್ನ ನೋಟ್‌ಬುಕ್ಕಿನಿಂದ ಆಗುವ ಕೆಲಸವಲ್ಲ. ಯಾರಿಂದಾದರೂ ಕಲಿಯಬೇಕು.

ಮಿಕ್ಕ ಕಾಗದಪತ್ರ

ಅರ್ಜಿ ಹಾಕುವವರು ಯಾರಾದರೂ ಓದುತ್ತಿದ್ದರೆ ಎರಡು ಮಾತು. ಫಾರ್ಮಿನಲ್ಲಿ ಕೊನೆಯ ಹೆಸರು ಕಡ್ಡಾಯ. ನಮ್ಮ ಅಂಕಪಟ್ಟಿಯಲ್ಲಿ ಇರುವುದು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ಮೊದಲು ಇದನ್ನು ಸರಿ ಮಾಡಿಕೊಳ್ಳಿ, ಕೊನೆಗೆ ಇಟ್ಟುಕೊಂಡು ನಾನು ಒಂದು ತಿಂಗಳು ಕಳೆದುಕೊಂಡೆ. ಶಿಫಾರಸು ಪತ್ರ ಬರೆಯುವವರಿಗೆ ಸಂಸ್ಥೆಯ ಇಮೇಲ್ ಇರಬೇಕು ಅನ್ನುತ್ತಾರೆ. ನಮ್ಮ ವೈದ್ಯಾಧಿಕಾರಿಗಳ ವೈಯಕ್ತಿಕ ಜಿಮೇಲ್ ವಿಳಾಸ ನಡೆಯುತ್ತದೆಯೇ ಅಂತ ಪ್ರವೇಶ ವಿಭಾಗಕ್ಕೆ ಬರೆದು ಕೇಳಿದೆ, ಇಲಾಖೆಯ ಲೆಟರ್‌ಹೆಡ್ ಇದ್ದರೆ ಸಾಕು ಅಂದರು. ಕೇಳಲು ಸಂಕೋಚ ಬೇಡ. ವಿದೇಶದ ಆನ್‌ಲೈನ್ ಪದವಿ ನಮ್ಮಲ್ಲಿ ಸರ್ಕಾರಿ ನೇಮಕಕ್ಕೋ ಬಡ್ತಿಗೋ ತಾನಾಗಿ ಲೆಕ್ಕಕ್ಕೆ ಬರುವುದಿಲ್ಲ, ಅದು ಗೊತ್ತಿದ್ದೇ ಹಾಕುತ್ತಿದ್ದೇನೆ. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಿಂದ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಇದೆ, ಹೋಗಲು ಬಹಳ ಆಸೆಯಿತ್ತು. ಎರಡು ವರ್ಷ ಅಲ್ಲೇ ಇದ್ದು ಓದಬೇಕು. ಒಂದನೇ ಕ್ಲಾಸಿನ ಮಗಳನ್ನೂ ಈ ಗುತ್ತಿಗೆ ಕೆಲಸವನ್ನೂ ಬಿಟ್ಟು ಹೋಗಲಾರೆ. ಮೇಲಾಗಿ ಇಲ್ಲಿದ್ದುಕೊಂಡೇ ಓದಬೇಕು ಅನ್ನುವುದು ನನ್ನ ಹಟ ಕೂಡ. ರಾತ್ರಿ ಕಲಿತದ್ದನ್ನು ಬೆಳಿಗ್ಗೆ ಯಾರದೋ ಪಡಸಾಲೆಯಲ್ಲಿ ಕೂತು ನೋಡಬಹುದು. ಶುಲ್ಕಕ್ಕೆ ಕಾಮನ್‌ವೆಲ್ತ್ ದೂರಶಿಕ್ಷಣ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕುತ್ತಿದ್ದೇನೆ. ಸಿಗದಿದ್ದರೆ ಇನ್ನೊಂದು ವರ್ಷ ಕಾಯುತ್ತೇನೆ.

ಕೊನೆಗೂ ಆ ಚೌಕ ತುಂಬಿದೆ. ನುಗ್ಗೆಗಿಡದ ಬುಡದ ಕತೆಯನ್ನೇ ಬರೆದೆ. ಏನು ಬದಲಾಯಿತೋ ನನಗೆ ಗೊತ್ತಾಗಿಲ್ಲ, ಗೊತ್ತುಮಾಡಿಕೊಳ್ಳಲು ಹೋಗಿ ಹೀಗಾಯಿತು ಅಂತ. ನಮ್ಮ ವೈದ್ಯಾಧಿಕಾರಿಗಳಿಗೆ ಓದಿಸಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡಮ್ಮಾ, ಇದ್ರಲ್ಲಿ ನಿನ್ನ ಸಾಧನೆ ಎಲ್ಲಿದೆ? ಅವರು ತಗೊಳ್ತಾರಾ?" ಅಂದರು. ಗೊತ್ತಿಲ್ಲ ಸರ್ ಅಂದೆ. ಇನ್ನೊಂದು ಸಲ ಓದಿದರು. ಶಿಫಾರಸು ಪತ್ರವನ್ನು ಅವತ್ತೇ ಸಂಜೆ ಕಳಿಸಿದರು.

ಈ ಸೋಮವಾರ ಗರ್ಭಿಣಿಯರ ತಪಾಸಣೆ ಇತ್ತು. ಬೆಂಚಿನ ಮೇಲೆ ಒಂಬತ್ತು ಜನ. ಎಲ್ಲ ಮಾತ್ರೆ ನುಂಗಿದಿರಾ ಅಂತ ಪ್ರತಿ ಸಲ ಕೇಳುತ್ತಿದ್ದೆ, ಹೂಂ ರೀ ಅನ್ನುತ್ತಿದ್ದರು. ಈ ಸಲ ನೋಟ್‌ಬುಕ್ ಚೀಲದಲ್ಲೇ ಬಿಟ್ಟು, ಅವರ ಪಕ್ಕ ಬೆಂಚಿನ ಮೇಲೆ ಕೂತು, ನಾನು ಬಸುರಿದ್ದಾಗ ನನಗೂ ಆ ಮಾತ್ರೆ ವಾಕರಿಕೆ ತರುತ್ತಿತ್ತು ಅಂದೆ. ಅದು ನಿಜವೇ. ಆಮೇಲೆ ತುದಿಯಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದೆ: "ಈ ವಾರ ಎಷ್ಟು ನುಂಗಾಕ ಆಗಲಿಲ್ಲವ್ವಾ?" ಅವಳು ಪಕ್ಕದವಳ ಮುಖ ನೋಡಿದಳು. ಬೆರಳು ಮಡಚಿ ಎಣಿಸಿದಳು.

"ಐದು ರೀ," ಅಂದಳು.